ಮಂಗಳೂರು ನೋಡಬೇಕಾ? ಗಡಿಯಾರ ನೋಡಿ ಹೊರಡಿ

ಮಂಗಳೂರಿಗೆ ಬಂದವರಲ್ಲಿ ಜಾಸ್ತಿ ಜನ ಮಂಗಳೂರನ್ನು ನೋಡದೇ ಹೋಗುತ್ತಾರೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಅಂತ ಪಟ್ಟಿ ಹಿಡಿದು ಬರುತ್ತಾರೆ. ನಡುವೆ ಒಂದು ಮಧ್ಯಾಹ್ನ ಇಲ್ಲಿ ಮೀನೂಟ ಮಾಡಿ, ಸುಡು ಬಿಸಿಲಲ್ಲಿ ಪಣಂಬೂರು ಬೀಚಿಗೆ ಹೋಗಿ, ಕಾಲು ಒದ್ದೆ ಮಾಡಿಕೊಂಡು ಮತ್ತೆ ಗಾಡಿ ಹತ್ತುತ್ತಾರೆ. ಆಮೇಲೆ "ಮಂಗಳೂರಲ್ಲಿ ಏನಿದೆ, ಬರೀ ಸೆಕೆ" ಅಂತಾರೆ. ಸೆಕೆ ಇದೆ, ಸುಳ್ಳಲ್ಲ. ಆದರೆ ಈ ಊರನ್ನು ನೋಡುವ ಕ್ರಮವೇ ಬೇರೆ. ಯಾವ ಜಾಗ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಅನ್ನುವುದು ಇಲ್ಲಿ ಮುಖ್ಯ. ಬೆಳಗ್ಗೆ ಮೀನು ಇಳಿಸುವ ದಕ್ಕೆ, ಬಿಸಿಲೇರುವ ಮೊದಲು ಗುಡ್ಡ, ಮಧ್ಯಾಹ್ನ ನೆರಳು ಮತ್ತು ಊಟ, ಸಂಜೆ ಹೊಳೆ ದಾಟಿ ಕಡಲು. ಹೀಗೆ ಜೋಡಿಸಿಕೊಂಡರೆ ಎರಡು ದಿನದಲ್ಲಿ ಊರು ಚೆನ್ನಾಗಿ ಕೈಗೆ ಸಿಗುತ್ತದೆ.

ಯಾವಾಗ ಬರಬೇಕು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಗ್ಗೆ ಸ್ವಲ್ಪ ತಂಪಿರುತ್ತದೆ, ಕಡಲೂ ಶಾಂತ. ಯಕ್ಷಗಾನ, ಕಂಬಳ, ದೈವಗಳ ನೇಮ ಎಲ್ಲ ಶುರುವಾಗುವುದೂ ಇದೇ ಸಮಯಕ್ಕೆ. ಏಪ್ರಿಲ್, ಮೇ ಬೇಡ. ಬಿಸಿಲಿಗಿಂತ ಬೆವರು ಹೈರಾಣು ಮಾಡುತ್ತದೆ, ಬಯಲುಸೀಮೆಯಿಂದ ಬಂದವರಿಗಂತೂ ಹತ್ತು ನಿಮಿಷ ನಡೆದರೆ ಅಂಗಿ ಒದ್ದೆ.

ಮಳೆಗಾಲದ ಬಗ್ಗೆ ಜನ ಹೆದರಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ನೋಡಲಿಕ್ಕೆಂದೇ ಒಮ್ಮೆ ಬರಬೇಕು. ಆದರೆ ಮೂರು ವಿಷಯ ಒಪ್ಪಿಕೊಂಡು ಬನ್ನಿ. ನೀರಿಗೆ ಇಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ತಾಜಾ ಮೀನು ಕಡಿಮೆ, ಸಿಕ್ಕರೂ ರೇಟು ಜಾಸ್ತಿ. ಮೂರನೆಯದು ಘಾಟಿ. ಗುಡ್ಡ ಜರಿದರೆ ಶಿರಾಡಿ ದಾರಿ ಬಂದ್ ಆಗುತ್ತದೆ, ಆಗ ಸಂಪಾಜೆ ಅಥವಾ ಚಾರ್ಮಾಡಿ ಹಿಡಿಯಬೇಕು. ವಾಪಸ್ ಹೋಗಿ ಮರುದಿನವೇ ಆಫೀಸಿಗೆ ಹಾಜರಾಗುವ ಲೆಕ್ಕ ಹಾಕಬೇಡಿ, ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ.

ಬರುವುದು, ಇಳಿಯುವುದು

ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸು ಎಲ್ಲರಿಗೂ ಗೊತ್ತಿರುವುದೇ. ಸಮಯ ಇದ್ದವರು ಒಮ್ಮೆಯಾದರೂ ಹಗಲಿನ ರೈಲು ಹಿಡಿಯಿರಿ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ಬರುವವರೆಗೆ ಸುರಂಗ, ಸೇತುವೆ, ಮತ್ತೆ ಸುರಂಗ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕೆಳಗೆ ಕಾಡು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಈ ದಾರಿಯಲ್ಲಿ 2021ರಲ್ಲಿ ಶುರುವಾಯಿತು. ಹಳಿಯ ಕೆಲಸ ನಡೆಯುವಾಗ ಹಗಲು ರೈಲು ರದ್ದು ಮಾಡುತ್ತಾರೆ, ರಜೆ ಹಾಕುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ.

ಹೊಸಬರು ಗಲಿಬಿಲಿಯಾಗುವುದು ನಿಲ್ದಾಣಗಳ ವಿಷಯದಲ್ಲಿ. ರೈಲು ನಿಲ್ದಾಣ ಎರಡು. ಮಂಗಳೂರು ಸೆಂಟ್ರಲ್ ಊರಿನ ಒಳಗೇ ಇದೆ, ಇಳಿದರೆ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಮಂಗಳೂರು ಜಂಕ್ಷನ್ ಪಡೀಲ್ ಕಡೆ, ಊರಿಂದ ಐದಾರು ಕಿಲೋಮೀಟರ್ ಹೊರಗೆ. ಮುಂಬೈ–ಕೇರಳದ ನಡುವೆ ಓಡುವ ಉದ್ದ ರೈಲುಗಳು ಸಾಮಾನ್ಯವಾಗಿ ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ಬಸ್ಸಿನದೂ ಹಾಗೆಯೇ. ಕೆಎಸ್ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿ, ಸಿಟಿ ಬಸ್ಸುಗಳು ಹೊರಡುವುದು ಸ್ಟೇಟ್‌ಬ್ಯಾಂಕ್ ಅನ್ನುವ ಜಾಗದಿಂದ. "ಬಸ್ ಸ್ಟ್ಯಾಂಡ್" ಅಂತ ಮಾತ್ರ ಹೇಳಿದರೆ ಆಟೋದವರು "ಯಾವ ಸ್ಟ್ಯಾಂಡ್?" ಅಂತ ಕೇಳಿಯೇ ಕೇಳುತ್ತಾರೆ. ಹೆಸರು ಸರಿಯಾಗಿ ಹೇಳಿ. ವಿಮಾನ ನಿಲ್ದಾಣ ಬಜ್ಪೆ ಕಡೆ ಗುಡ್ಡದ ತಲೆಯ ಮೇಲೆ ಇದೆ. ಅಲ್ಲಿಂದ ಊರಿಗೆ ಬರುವ ರಸ್ತೆ ತಿರುವು ಮುರುವು, ಹಾಗಾಗಿ ವಾಪಸ್ ಹೋಗುವಾಗ ಕಡಿಮೆ ಅಂದರೂ ಒಂದು ಗಂಟೆ ಇಟ್ಟುಕೊಂಡು ಹೊರಡಿ.

ರೂಮು ಹಂಪನಕಟ್ಟೆ, ಜ್ಯೋತಿ, ಬಲ್ಮಠ, ಕದ್ರಿ ಈ ಸುತ್ತಿನಲ್ಲೇ ಮಾಡಿ. ಕಡಲ ಪಕ್ಕದ ರೆಸಾರ್ಟ್ ನೋಡಲು ಚಂದ, ಆದರೆ ಪ್ರತಿ ಸಲ ಊರೊಳಗೆ ಬರಲು ಹೆದ್ದಾರಿ ಟ್ರಾಫಿಕ್ ದಾಟಬೇಕು. ಎರಡೇ ದಿನಕ್ಕೆ ಬಂದವರಿಗೆ ಅದು ದಂಡ.

ಓಡಾಟಕ್ಕೆ ಸಿಟಿ ಬಸ್ಸೇ ಸಾಕು. ಹೆಚ್ಚಿನವು ಖಾಸಗಿ ಬಸ್ಸುಗಳು, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುತ್ತಾ, ಶಿಳ್ಳೆ ಹೊಡೆದು ಬಸ್ಸು ಬಿಡಿಸುತ್ತಾರೆ. ಎಲ್ಲಿ ಇಳಿಯಬೇಕು ಅಂತ ಹತ್ತುವಾಗಲೇ ಹೇಳಿಬಿಡಿ, ನಿಲ್ದಾಣ ಬಂದಾಗ ಅವರೇ ಕರೆದು ಇಳಿಸುತ್ತಾರೆ. ಇಳಿಯುವಾಗ ಚುರುಕಾಗಿರಿ, ಬಸ್ಸು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಬಸ್ಸು ಕಡಿಮೆಯಾಗುತ್ತದೆ, ಆಗ ಆಟೋ. ಇಲ್ಲಿ ಆಟೋದವರು ಸಾಮಾನ್ಯವಾಗಿ ಮೀಟರ್ ಹಾಕುತ್ತಾರೆ, ಬೆಂಗಳೂರಿನಿಂದ ಬಂದವರಿಗೆ ಇದು ದೊಡ್ಡ ಸಮಾಧಾನ ಅಲ್ವಾ. ಭಾಷೆಯ ಚಿಂತೆ ಬೇಡ. ಸುತ್ತ ತುಳು, ಕೊಂಕಣಿ, ಬ್ಯಾರಿ ಕೇಳಿಸುತ್ತಿರುತ್ತದೆ, ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ.

ಬೆಳಗ್ಗೆ: ದಕ್ಕೆ, ಆಮೇಲೆ ಗುಡ್ಡ

ಮೊದಲ ದಿನ ಬೇಗ ಏಳಿ. ಬಂದರಿನ ದಕ್ಕೆಗೆ ಬೆಳಕು ಹರಿಯುವ ಹೊತ್ತಿಗೆ ಹೋಗಬೇಕು. ಬೋಟುಗಳು ಸಾಲಾಗಿ ನಿಂತಿರುತ್ತವೆ, ಒಳಗಿಂದ ಬುಟ್ಟಿ ಬುಟ್ಟಿ ಮೀನು ಮೇಲೆ ಬರುತ್ತದೆ, ನೆಲದ ಮೇಲೆ ಸುರಿದ ಕೂಡಲೇ ಸುತ್ತ ಜನ ಸೇರಿ ಏಲಂ ಶುರು. ಏಲಂ ಕೂಗುವವರ ಮಾತು ಎಷ್ಟು ವೇಗ ಅಂದರೆ ಯಾರು ಯಾವಾಗ ತಲೆಯಾಡಿಸಿದರು ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಬುಟ್ಟಿ ಕೈ ಬದಲಾಗಿರುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಬೊಂಡಾಸ್ ಎಲ್ಲ ಇಲ್ಲೇ ಗುರುತು ಮಾಡಿಕೊಳ್ಳಿ, ಮಧ್ಯಾಹ್ನ ಹೋಟೆಲಲ್ಲಿ ಉಪಯೋಗಕ್ಕೆ ಬರುತ್ತದೆ. ನೆಲ ಪೂರ್ತಿ ನೀರು ಮತ್ತು ಐಸು, ಹಾಗಾಗಿ ಒದ್ದೆಯಾದರೂ ಪರವಾಗಿಲ್ಲ ಅನ್ನುವ, ಜಾರದ ಚಪ್ಪಲಿ ಹಾಕಿ. ಇದು ಕೆಲಸ ನಡೆಯುವ ಜಾಗ. ದಾರಿಗೆ ಅಡ್ಡ ನಿಲ್ಲಬೇಡಿ, ಬುಟ್ಟಿ ಹೊತ್ತವರಿಗೆ ಮೊದಲು ಜಾಗ ಬಿಡಿ, ಮುಖದ ಫೋಟೋ ತೆಗೆಯುವ ಮೊದಲು ಕೇಳಿ.

ಅಲ್ಲಿಂದ ವಾಪಸಾಗುವಾಗ ಬಂದರಿನ ಝೀನತ್ ಬಕ್ಷ್ ಮಸೀದಿ ಸಿಗುತ್ತದೆ. ಭಾರತದ ತೀರಾ ಹಳೆಯ ಮಸೀದಿಗಳಲ್ಲಿ ಇದೂ ಒಂದು ಅನ್ನುವುದು ಇಲ್ಲಿನವರ ನಂಬಿಕೆ. ಒಳಗಿನ ಮರದ ಕೆತ್ತನೆಯ ಕಂಬಗಳು ನೋಡುವಂಥವು. ನಮಾಜಿನ ಹೊತ್ತು ಬಿಟ್ಟು, ಅಲ್ಲಿರುವವರನ್ನು ಕೇಳಿಕೊಂಡು ಒಳಗೆ ಹೋಗಿ.

ತಿಂಡಿ ಮುಗಿಸಿ ಬಿಸಿಲೇರುವ ಮೊದಲು ಬಾವುಟಗುಡ್ಡ ಹತ್ತಿ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇಲ್ಲಿದೆ. ಮಂಗಳೂರಲ್ಲಿ ಒಂದೇ ಜಾಗ ನೋಡಲು ಸಮಯ ಇದೆ ಅಂದವರಿಗೆ ನಾನು ಹೇಳುವುದು ಇದನ್ನೇ. ಹೊರಗಿಂದ ನೋಡಿದರೆ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲೂ ಖಾಲಿ ಜಾಗ ಇಲ್ಲ, ಎಲ್ಲ ಚಿತ್ರ. ಬರೆದವರು ಇಟಲಿಯ ಜೆಸುಯಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿ. 1899ರಲ್ಲಿ ಮಂಗಳೂರಿಗೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸದಲ್ಲಿ ಮುಳುಗಿದ್ದರು. ಗೋಡೆಯ ಚಿತ್ರಗಳು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಅದು ಒಣಗುವ ಮೊದಲೇ ಬಣ್ಣ ಹಚ್ಚುವ ವಿಧಾನ. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ತಪ್ಪಾದರೆ ಒರೆಸಿ ತಿದ್ದುವಂತಿಲ್ಲ, ಅಷ್ಟು ಗಾರೆ ಕಿತ್ತು ಮತ್ತೆ ಬಳಿಯಬೇಕು. ಇದನ್ನು ತಿಳಿದುಕೊಂಡು ಒಮ್ಮೆ ಮೇಲೆ ನೋಡಿ. ಕಂಬ, ಚೌಕಟ್ಟು ಅಂತ ಕಾಣುವ ಎಷ್ಟೋ ಉಬ್ಬು ಕೆಲಸಗಳು ನಿಜಕ್ಕೂ ಚಪ್ಪಟೆ ಗೋಡೆ, ನೆರಳಿನ ಬಣ್ಣದಿಂದ ಮಾತ್ರ ಹಾಗೆ ಕಾಣುತ್ತವೆ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಗೊತ್ತಾಗುತ್ತದೆ. ಕಡೇ ಪಕ್ಷ ಅರ್ಧ ಗಂಟೆ ಬೆಂಚಿನ ಮೇಲೆ ಸುಮ್ನೆ ಕೂತು ನೋಡಿ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾಯಿರಿ, ಕ್ಯಾಮೆರಾ ತೆಗೆಯುವ ಮೊದಲು ಕಾವಲಿನವರನ್ನು ಕೇಳಿ.

ಕನ್ನಡ ಓದುವವರು ಇಲ್ಲಿಂದ ಬಲ್ಮಠದ ಕಡೆಗೂ ಒಂದು ಸುತ್ತು ಹಾಕಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ನೆಲೆಯೂರಿದ್ದು ಈ ಗುಡ್ಡದಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಇದೇ ಊರಿಂದ, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಮಿಷನ್ ಪ್ರೆಸ್ಸಿನಲ್ಲಿ. ನೀವು ಊರಲ್ಲೆಲ್ಲ ನೋಡುವ ಕೆಂಪು ಹಂಚಿನ ಕಥೆಯೂ ಇವರದೇ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆ ದಂಡೆಯ ಜೇಡಿಮಣ್ಣು, ಸುಡಲು ಸೌದೆ, ಸಾಗಿಸಲು ಬಂದರು ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ 'ಮಂಗಳೂರು ಹಂಚು' ಕಡಲು ದಾಟಿ ಹೋಯಿತು. ಹಳೆ ಮನೆಯ ಮಾಡಿನಿಂದ ತೆಗೆದಿಟ್ಟ ಹಂಚು ಕಂಡರೆ ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ.

ಕದ್ರಿ ಮಂಜುನಾಥ ದೇವಸ್ಥಾನಕ್ಕೂ ಬೆಳಗಿನ ಹೊತ್ತೇ ಸರಿ, ಅದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಜಾಸ್ತಿ ಜನ ದೇವರಿಗೆ ಕೈ ಮುಗಿದು ಹೊರಟುಬಿಡುತ್ತಾರೆ, ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡುವುದೇ ಇಲ್ಲ. ಮೂರು ಮುಖ, ಆರು ಕೈ, ಕುಳಿತ ಭಂಗಿ. ಆಳುಪ ರಾಜ ಕುಂದವರ್ಮನ ಕಾಲದ್ದು, ಪೀಠದ ಶಾಸನದ ಪ್ರಕಾರ ಕ್ರಿ.ಶ. 968. ಇಲ್ಲಿ ಹಿಂದೆ ಬೌದ್ಧ ವಿಹಾರ ಇತ್ತು ಅಂತ ವಿದ್ವಾಂಸರು ಹೇಳುವುದು ಈ ಮೂರ್ತಿಯನ್ನೂ, ಶಾಸನದಲ್ಲಿ ಬರುವ 'ಕದರಿಕಾ ವಿಹಾರ' ಅನ್ನುವ ಹೆಸರನ್ನೂ ಹಿಡಿದುಕೊಂಡು. ಸಾವಿರ ವರ್ಷ ದಾಟಿದ ಕಂಚು, ಬೆರಳುಗಳ ಸಂದು ಕೂಡ ಇನ್ನೂ ಚೂಪಾಗಿದೆ. ಹಿಂದೆ ಮೆಟ್ಟಿಲು ಹತ್ತಿದರೆ ಕೆರೆಗಳು, ಅದರ ಮೇಲೆ ನಾಥಪಂಥದ ಜೋಗಿ ಮಠ, ಮುರಕಲ್ಲಿನಲ್ಲಿ ಕೊರೆದ ಗುಹೆಗಳು. ಈ ಮಠದ ಹೊಸ ಅರಸನನ್ನು, ಅಂದರೆ ಮಠಾಧಿಪತಿಯನ್ನು, ಪಟ್ಟಕ್ಕೆ ಕೂರಿಸಲು 12 ವರ್ಷಕ್ಕೊಮ್ಮೆ ನಾಸಿಕ್ ಹತ್ತಿರದ ತ್ರ್ಯಂಬಕೇಶ್ವರದಿಂದ ಸಾಧುಗಳು ನಡೆದೇ ಬರುತ್ತಾರೆ.

ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ಇದಕ್ಕೆ ಪೂರ್ತಿ ಬೇರೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು. ಆಗ ಬೇರೆ ದೇವಸ್ಥಾನಗಳ ಬಾಗಿಲು ಮುಚ್ಚಿದ್ದ ಬಿಲ್ಲವರಿಗೆ ತಮ್ಮದೇ ಅಂತ ಸಿಕ್ಕ ದೇವಸ್ಥಾನ ಇದು, ಈ ಹಿನ್ನೆಲೆ ತಿಳಿದು ನೋಡಬೇಕು. ಸಂಜೆ ದೀಪ ಹಚ್ಚಿದ ಮೇಲೆ ಹೋಗಿ. ದಸರಾ ಸಮಯದಲ್ಲಂತೂ ಊರಿಗೆ ಊರೇ ಇಲ್ಲಿರುತ್ತದೆ, ರಸ್ತೆಯಲ್ಲಿ ತಾಸೆಯ ಸದ್ದಿಗೆ ಹುಲಿವೇಷ ಕುಣಿಯುವುದನ್ನು ಹತ್ತಿರದಿಂದ ನೋಡಬಹುದು. ಆಗ ಬರುವುದಾದರೆ ರೂಮು ತುಂಬಾ ಮೊದಲೇ ಬುಕ್ ಮಾಡಿ.

ದೇವಸ್ಥಾನಗಳ ಬಗ್ಗೆ ಒಂದು ಮಾತು. ಮಧ್ಯಾಹ್ನದ ಪೂಜೆ ಆದ ಮೇಲೆ ಸಂಜೆವರೆಗೆ ಗರ್ಭಗುಡಿ ಬಾಗಿಲು ಹಾಕುವುದು ಸಾಮಾನ್ಯ. ಕೆಲವು ಕಡೆ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಚಡ್ಡಿ ಹಾಕಿಕೊಂಡು ಹೋಗಬೇಡಿ, ಒಂದು ಪಂಚೆ ಬ್ಯಾಗಿನಲ್ಲಿರಲಿ.

ಮಧ್ಯಾಹ್ನ: ಊಟ

ಹನ್ನೆರಡೂವರೆ ಆಯಿತು ಅಂದರೆ ಹೊರಗಿನ ಓಡಾಟ ನಿಲ್ಲಿಸಿ. ಮೀನೂಟದ ಹೋಟೆಲುಗಳಲ್ಲಿ ಒಂದು ಗಂಟೆಯ ಮೇಲೆ ಜಾಗ ಸಿಗುವುದು ಕಷ್ಟ, ಸ್ವಲ್ಪ ಮೊದಲೇ ಕೂತುಬಿಡಿ. ಮೊದಲ ಪ್ರಶ್ನೆ, "ಕುಚ್ಚಲಾ, ಬೆಳ್ತಿಗೆಯಾ?" ಬೆಳ್ತಿಗೆ ಅಂದರೆ ಬಿಳಿ ಅನ್ನ, ನೀವು ಕುಚ್ಚಲು ಹೇಳಿ. ದಪ್ಪ ಕೆಂಪು ಅನ್ನ, ಮೊದಲ ತುತ್ತಿಗೆ ಬೆಂದಿಲ್ಲವೇನೋ ಅನ್ನಿಸಬಹುದು, ಆದರೆ ಮೀನಿನ ಗಸಿಗೆ, ಅಂದರೆ ಸಾರಿಗೆ, ಅದೇ ಸರಿ. ಊಟದ ಜೊತೆ ಕೊಡುವ ಗಸಿ ಬೇರೆ, ಮೀನಿನ ತುಂಡು ಬೇರೆ. ಫ್ರೈ ಹೇಳುವಾಗ ಒಳಗೆ ಇಟ್ಟಿರುವ ತಟ್ಟೆ ತರಲು ಹೇಳಿ, ನೋಡಿ ಆರಿಸಬಹುದು. ರೇಟು ಕೇಳಲು ನಾಚಿಕೆ ಬೇಡ, ದಿನದ ಮೀನಿನ ಮೇಲೆ ರೇಟು ಏರಿಳಿಯುತ್ತದೆ. ಮುಳ್ಳಿನ ಭಯ ಇರುವವರಿಗೆ ಅಂಜಲ್ ಅಥವಾ ಕಾಣೆ. ಮುಳ್ಳು ಬಿಡಿಸಿ ತಿನ್ನಲು ಬರುವವರಿಗೆ ಹುಳಿ ಖಾರದ ಬಂಗುಡೆ ಪುಳಿಮುಂಚಿ, ನನ್ನ ಪ್ರಕಾರ ಇದಕ್ಕೆ ಮೀರಿದ್ದಿಲ್ಲ. ಮರ್ವಾಯಿ (ಚಿಪ್ಪುಮೀನು) ಸುಕ್ಕ ಸಿಕ್ಕರೆ ಬಿಡಬೇಡಿ, ಎಲ್ಲ ಕಡೆ ಇರುವುದಿಲ್ಲ.

ಕೋರಿ ರೊಟ್ಟಿ ತಿನ್ನುವುದಕ್ಕೂ ಒಂದು ಸಮಯ ಉಂಟು. ತೆಳ್ಳಗೆ ಗರಿಗರಿ ಅಕ್ಕಿ ರೊಟ್ಟಿಯನ್ನು ಕೈಯಲ್ಲಿ ಮುರಿದು ತಟ್ಟೆಗೆ ಹಾಕಿ, ಬಿಸಿ ಕೋಳಿ ಗಸಿ ಮೇಲಿಂದ ಸುರಿದು ಕೂಡಲೇ ತಿನ್ನಬೇಕು. ಕೆಳಗಿನದು ಮೆತ್ತಗಾಗಿ, ಮೇಲಿನದು ಇನ್ನೂ ಕುರುಕಲು ಇರುವಾಗ ರುಚಿ. ಫೋನಿಗೆ ಫೋಟೋ ತೆಗೆಯುತ್ತಾ ಕೂತರೆ ಎಲ್ಲ ಮುದ್ದೆ.

ಮೀನು, ಮಾಂಸ ತಿನ್ನದವರಿಗೆ ಇಲ್ಲಿ ಏನೂ ಕಡಿಮೆ ಇಲ್ಲ. ಬೆಳಗ್ಗೆ ಬನ್ಸ್, ನೀರ್ ದೋಸೆ, ಮೂಡೆ, ಸಂಜೆ ಗೋಳಿಬಜೆ, ಮಳೆಗಾಲದಲ್ಲಾದರೆ ಪತ್ರೊಡೆ. ಬನ್ಸ್ ಬಾಳೆಹಣ್ಣು ಹಾಕಿ ಮಾಡುವುದು, ಸ್ವಲ್ಪ ಸಿಹಿ ಇರುತ್ತದೆ. ದಾಹಕ್ಕೆ ಪುನರ್ಪುಳಿ (ಕೋಕಂ) ಶರಬತ್ತು ಅಥವಾ ಬೊಂಡ, ಅಂದರೆ ಎಳನೀರು. ಊಟ ಆದ ಮೇಲೆ ಐಸ್‌ಕ್ರೀಮ್ ತಿನ್ನದೆ ಮಂಗಳೂರಿನವರು ಮನೆಗೆ ಹೋಗುವುದಿಲ್ಲ, ನೀವೂ ಒಂದು ಗಡ್‌ಬಡ್ ಹೇಳಿ. ಉದ್ದ ಗ್ಲಾಸಿನಲ್ಲಿ ಬರುತ್ತದೆ, ಇಬ್ಬರಿಗೆ ಒಂದು ಸಾಕು.

ಮಕ್ಕಳಿದ್ದರೆ ಒಂದು ದಿನದ ಮಧ್ಯಾಹ್ನವನ್ನು ಪಿಲಿಕುಳಕ್ಕೆ ಕೊಡಿ. ಊರಿಂದ ಹತ್ತು ಹನ್ನೆರಡು ಕಿಲೋಮೀಟರ್, ಮರಗಳ ನೆರಳಿದೆ. ಮೃಗಾಲಯದಲ್ಲಿ ಕಾಳಿಂಗ ಸರ್ಪ ನೋಡಬಹುದು, ಪಕ್ಕದಲ್ಲೇ ತಾರಾಲಯ, ವಿಜ್ಞಾನ ಕೇಂದ್ರ, ಹಳೆ ಕಾಲದ ದೊಡ್ಡ ಮನೆತನದ ಮನೆಯ ಮಾದರಿಯಾದ ಗುತ್ತಿನ ಮನೆ, ಕೆರೆ. ಒಂದೊಂದಕ್ಕೂ ನಡಿಗೆ ಜಾಸ್ತಿ, ಎಲ್ಲವನ್ನೂ ನೋಡುವ ಹಠ ಬೇಡ. ಸೋಮವಾರ ಹೋಗಬೇಡಿ, ರಜೆ.

ಸಂಜೆ: ಹೊಳೆ ದಾಟಿ ಕಡಲಿಗೆ

ನಾಲ್ಕು ಗಂಟೆಯ ಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಗುರುಪುರ ಹೊಳೆಯಿಂದ ಶತ್ರು ಹಡಗು ಒಳಗೆ ಬರದಂತೆ ನೋಡಿಕೊಳ್ಳಲು ಇದ್ದದ್ದು. ಚಿಕ್ಕದು, ಹತ್ತು ನಿಮಿಷ ಸಾಕು. ಫಿರಂಗಿ ಇಡುವ ಸಂದಿನಿಂದ ಹೊಳೆ ಎಷ್ಟು ದೂರದವರೆಗೆ ಕಾಣುತ್ತದೆ ಅಂತ ಕಣ್ಣಿಟ್ಟು ನೋಡಿ, ಬುರುಜು ಇಲ್ಲೇ ಯಾಕೆ ಅನ್ನುವುದು ಅರ್ಥವಾಗುತ್ತದೆ. ಪಕ್ಕದಿಂದಲೇ ತಣ್ಣೀರುಬಾವಿಗೆ ಫೆರಿ ಬೋಟು. ಕೆಲವೇ ನಿಮಿಷದ ದಾರಿ, ತೀರಾ ಕಡಿಮೆ ದುಡ್ಡು. ಇದೇ ನನಗೆ ಈ ಊರಿನ ಬಹಳ ಇಷ್ಟದ ಪ್ರಯಾಣ. ಹೊಳೆ ದಾಟಿ ಇಳಿದು, ಆ ಕಿರಿದಾದ ನೆಲವನ್ನು ನಡೆದು ದಾಟಿದರೆ ಆ ಕಡೆ ಅರಬ್ಬಿ ಕಡಲು. ಪಣಂಬೂರಿಗಿಂತ ಗದ್ದಲ ಕಡಿಮೆ. ಕೊನೆ ಬೋಟು ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರಲು ರಸ್ತೆಯಲ್ಲಿ ದೊಡ್ಡ ಸುತ್ತು. ಗಾಳಿ ಮಳೆ ಜೋರಿದ್ದರೆ ಬೋಟು ಬಿಡುವುದಿಲ್ಲ.

ಎರಡನೇ ಸಂಜೆಗೆ ಉಳ್ಳಾಲದ ಕಡೆ ಸೋಮೇಶ್ವರ. 16ನೇ ಶತಮಾನದಲ್ಲಿ ಪೋರ್ಚುಗೀಸರ ಎದುರು ನಿಂತ ರಾಣಿ ಅಬ್ಬಕ್ಕನ ಊರು ಇದು. ಕಡಲಿಗೆ ಚಾಚಿಕೊಂಡ ಬಂಡೆ, ಮೇಲೆ ಸೋಮನಾಥ ದೇವಸ್ಥಾನ, ಕೆಳಗೆ ಅಲೆ. ನೋಡಲು ಇಡೀ ಜಿಲ್ಲೆಯಲ್ಲೇ ಚಂದದ ಕಡಲ ತೀರಗಳಲ್ಲಿ ಒಂದು, ನೀರಿಗೆ ಇಳಿಯಲು ತೀರಾ ಅಪಾಯದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪ್ರತಿ ವರ್ಷ ಹೊರಗಿನಿಂದ ಬಂದ ಹುಡುಗರು ಈ ಕರಾವಳಿಯಲ್ಲಿ ಜೀವ ಕಳೆದುಕೊಳ್ಳುತ್ತಾರೆ. ಈಜು ಗೊತ್ತು ಅಂತ ಕೆರೆ, ಬಾವಿಯ ಧೈರ್ಯದಲ್ಲಿ ಇಳಿಯುತ್ತಾರೆ. ಸೋಮೇಶ್ವರ, ಉಳ್ಳಾಲದಲ್ಲಿ ದಂಡೆ ಇಳಿಜಾರು, ನಾಲ್ಕು ಹೆಜ್ಜೆಗೆ ಆಳ ಬರುತ್ತದೆ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಬಂಡೆಯ ಮೇಲೆ ಪಾಚಿ, ಸೆಲ್ಫಿಗೆ ಅಂತ ತುದಿಗೆ ಹೋದವರನ್ನು ಒಂದು ದೊಡ್ಡ ಅಲೆ ಎಳೆದರೆ ಮುಗಿಯಿತು. ಇನ್ನೊಂದು, ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಂಡೆಗೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ನಿಮ್ಮನ್ನೂ ಒಳಗೆ ಎಳೆದೊಯ್ಯುತ್ತದೆ. ಸಿಕ್ಕಿಹಾಕಿಕೊಂಡರೆ ನೇರ ದಂಡೆಯ ಕಡೆ ಈಜಿ ಸುಸ್ತಾಗಬೇಡಿ. ತೇಲುತ್ತಾ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆ ಸೆಳೆತದಿಂದ ಹೊರಗೆ ಬಂದ ಮೇಲೆ ದಂಡೆಗೆ ತಿರುಗಿ. ನೀರಿಗೆ ಇಳಿಯಲೇಬೇಕು ಅಂದರೆ ಜೀವರಕ್ಷಕರು ಇರುವ ಪಣಂಬೂರಿಗೆ ಹೋಗಿ, ಅವರು ಶಿಳ್ಳೆ ಹೊಡೆದರೆ ವಾದ ಮಾಡದೆ ಮೇಲೆ ಬನ್ನಿ. ಕುಡಿದು ಇಳಿಯುವುದು, ಕತ್ತಲಾದ ಮೇಲೆ ಇಳಿಯುವುದು ಎರಡೂ ಬೇಡವೇ ಬೇಡ. ಅಲೆಯಾಟ ಕಲಿಯುವ ಆಸೆ ಇದ್ದರೆ ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಸುವವರು ಇದ್ದಾರೆ, ಅವರ ಕೈಕೆಳಗೆ ಇಳಿಯಿರಿ.

ರಾತ್ರಿ, ಮತ್ತು ಮೂರನೇ ದಿನ

ನವೆಂಬರ್‌ನಿಂದ ಮೇವರೆಗೆ ಬಂದವರು ಒಂದು ರಾತ್ರಿ ಯಕ್ಷಗಾನಕ್ಕೆ ಇಡಿ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳಗಳ ತಿರುಗಾಟ ಮುಗಿಯುತ್ತದೆ, ಅಲ್ಲಿವರೆಗೆ ಸುತ್ತಮುತ್ತ ಎಲ್ಲಾದರೂ ಒಂದು ಆಟ ಇದ್ದೇ ಇರುತ್ತದೆ. ಟಿಕೆಟ್ ಇಲ್ಲದ ಬಯಲಾಟಗಳೇ ಜಾಸ್ತಿ. ಎಲ್ಲಿದೆ ಅಂತ ಹೋಟೆಲಿನವರನ್ನೋ ಆಟೋದವರನ್ನೋ ಕೇಳಿ, ದಿನಪತ್ರಿಕೆಯ ಸ್ಥಳೀಯ ಪುಟದಲ್ಲೂ ಹಾಕಿರುತ್ತಾರೆ. ಪೂರ್ತಿ ನೋಡಲು ಆಗದಿದ್ದರೂ ಚೆಂಡೆ ಶುರುವಾದ ಮೇಲೆ ಒಂದೆರಡು ಗಂಟೆ ಕೂರಿ. ನೇಮ ನೋಡುವ ಅವಕಾಶ ಸಿಕ್ಕರೆ ನೆನಪಿಡಿ, ಅದು ಪ್ರದರ್ಶನ ಅಲ್ಲ, ಆ ಮನೆಯವರ, ಊರವರ ಆರಾಧನೆ. ದೂರ ನಿಲ್ಲಿ, ಫ್ಲ್ಯಾಶ್ ಬೇಡ, ಬೇಡ ಅಂದಲ್ಲಿ ಫೋನ್ ಜೇಬಿಗೆ. ಕಂಬಳ ಸಾಮಾನ್ಯವಾಗಿ ವಾರದ ಕೊನೆಗೆ ಇರುತ್ತದೆ, ಕೋಣಗಳು ಓಡುವ ಗದ್ದೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ಇನ್ನೊಂದು ದಿನ ಉಳಿದರೆ ಉಡುಪಿಗೆ ಓಡುವ ಬದಲು ಮೂಡುಬಿದಿರೆಗೆ ಹೋಗಿ. ಸುಮಾರು 35 ಕಿಲೋಮೀಟರ್, ಬಸ್ಸು ಬೇಕಾದಷ್ಟು. 1430ರ ಸಾವಿರ ಕಂಬದ ಬಸದಿಯ ಕಂಬಗಳನ್ನು ಒಂದೊಂದಾಗಿ ನೋಡಿ, ಒಂದರಂತೆ ಇನ್ನೊಂದಿಲ್ಲ. ಅದೇ ದಾರಿಯಲ್ಲಿ ಮುಂದೆ ಹೋದರೆ ಕಾರ್ಕಳ, 1432ರ ಗೊಮ್ಮಟ. ಬಿಸಿಲಿಗೆ ಬಂಡೆ ಕಾಯುತ್ತದೆ, ಬರಿಗಾಲಲ್ಲಿ ಹತ್ತಬೇಕಾದ್ದರಿಂದ ಕಾರ್ಕಳವನ್ನು ಮೊದಲು ಮುಗಿಸಿ, ಮೂಡುಬಿದಿರೆಯನ್ನು ವಾಪಸ್ ಬರುವಾಗ ನೋಡಿ.

ಮನೆಗೆ ಒಯ್ಯಲು ಗೋಡಂಬಿ, ಪುನರ್ಪುಳಿ ಸಿಪ್ಪೆ, ಕೋರಿ ರೊಟ್ಟಿಯ ಪ್ಯಾಕೆಟ್ ತಗೊಳ್ಳಿ. ರೊಟ್ಟಿಯನ್ನು ಬ್ಯಾಗಿನ ತಳಕ್ಕೆ ಹಾಕಿದರೆ ಪುಡಿ, ಕೈಯಲ್ಲೇ ಹಿಡಿದುಕೊಳ್ಳಿ. ಒಣಮೀನು ಬೇಕಾದರೆ ಎರಡು ಮೂರು ಪದರ ಪ್ಲಾಸ್ಟಿಕ್ ಸುತ್ತಿಸಿ, ಹತ್ತುವ ಮೊದಲು ಬಸ್ಸಿನವರನ್ನು ಕೇಳಿ. ರಾತ್ರಿ ಬಸ್ಸಿನ ಟಿಕೆಟ್‌ನಲ್ಲಿ ಹತ್ತುವ ಜಾಗ ಯಾವುದು ಅಂತ ಇನ್ನೊಮ್ಮೆ ಓದಿ, ಬಿಜೈಯೋ, ಜ್ಯೋತಿಯೋ, ಪಂಪ್‌ವೆಲ್ಲೋ. ಅರ್ಧ ಗಂಟೆ ಮೊದಲೇ ಅಲ್ಲಿರಿ, ಘಾಟಿಯ ತಿರುವಿಗೆ ಹೊಟ್ಟೆ ತೊಳಸುವವರು ಊಟ ಸ್ವಲ್ಪ ಕಡಿಮೆ ಮಾಡಿ ಹತ್ತಿ.